ಕಿತ್ತಳೆ ಬಣ್ಣದ ಸ್ಯಾಂಪಲ್

ಹುಡುಗ ತಂದಿಟ್ಟ ಕಪ್‌ನಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕಿತ್ತು. ಡ್ರೈವರ್ ಕೆಲಸಕ್ಕೆ ಸೇರುವ ಮುಂಚಿನ ಡ್ರಗ್ ಟೆಸ್ಟ್. ಕಿಟ್‌ನಲ್ಲಿ ಎಲ್ಲ ಕಡೆ ಎರಡೆರಡು ಗೆರೆ ಮೂಡಿತು. ಓಪಿಯೇಟ್, ಅಂದರೆ ಮಾರ್ಫಿನ್‌ನಂಥ ಅಫೀಮು ಜಾತಿಯ ಮದ್ದು, ಅಂತ ಬರೆದ ಕಡೆ ಮಾತ್ರ ಒಂದೇ. ಪ್ರೆಗ್ನೆನ್ಸಿ ಟೆಸ್ಟ್‌ಗೆ ಇದು ಉಲ್ಟಾ. ಇಲ್ಲಿ ಎರಡನೇ ಗೆರೆ ಬರದಿದ್ದರೇ ಪಾಸಿಟಿವ್.

“ಮೇಡಂ, ನಾನು ಬೀಡಿ ಕೂಡ ಮುಟ್ಟಿದವನಲ್ಲ” ಅಂದ.

ಯಾವ ಮಾತ್ರೆ ತಗೋತಿದ್ದೀಯಪ್ಪ ಅಂತ ಕೇಳಿದೆ. ತಲೆ ತಗ್ಗಿಸಿದ. ನಾಲ್ಕು ತಿಂಗಳಿಂದ ಟಿಬಿ ಔಷಧಿ ನಡೀತಿದೆ. ಹೇಳಿದರೆ ಕೆಲಸ ಕೊಡಲ್ಲ ಅಂತ ಫಾರ್ಮ್‌ನಲ್ಲಿ ಬರೆದಿರಲಿಲ್ಲ. ಆ ಬಣ್ಣ ರಿಫಾಂಪಿಸಿನ್ ಅನ್ನುವ ಟಿಬಿ ಮಾತ್ರೆಯದು. ಕೆಲವು ಟೆಸ್ಟ್‌ಗಳಲ್ಲಿ ಅದೇ ಮಾತ್ರೆ ಓಪಿಯೇಟ್ ಇದೆ ಅಂತಲೂ ತೋರಿಸಿಬಿಡುತ್ತದೆ.

ಹಿಂದಿನಿಂದ ನೋಡಿ ಯಾರನ್ನೋ ನಮ್ಮವರು ಅಂದುಕೊಂಡು ಕೂಗುತ್ತೇವಲ್ಲ, ಕಿಟ್ ಮಾಡುವುದೂ ಅದನ್ನೇ. ಲೆವೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಕೂಡ ಓಪಿಯೇಟ್ ತರಹ ಕಾಣಬಹುದು. ಬಸುರಿಯರಿಗೆ ಬಿಪಿಗೆ ಕೊಡುವ ಲೆಬೆಟಲಾಲ್, ಆಂಫೆಟಮಿನ್ ಅನ್ನುವ ಉತ್ತೇಜಕ ಡ್ರಗ್ ತರಹ. ಕೆಮ್ಮಿನ ಸಿರಪ್‌ನ ಡೆಕ್ಸ್ಟ್ರೊಮೆಥಾರ್ಫಾನ್‌ನಿಂದ ಪಿಸಿಪಿ ಅನ್ನುವ ಭ್ರಮೆ ಹುಟ್ಟಿಸುವ ಡ್ರಗ್‌ಗೆ ಪಾಸಿಟಿವ್ ಬಂದದ್ದಿದೆ.

ಗಸಗಸೆ ಪಾಯಸದ ಕಥೆ ಬೇರೆ. ಅಲ್ಲಿ ಕಿಟ್ ತಪ್ಪುವುದಿಲ್ಲ. ಗಸಗಸೆಯಲ್ಲಿ ನಿಜವಾಗಿಯೂ ಚೂರು ಮಾರ್ಫಿನ್ ಇರಬಹುದು. ಇದಕ್ಕೇ ಅಮೆರಿಕ 1998ರಲ್ಲಿ ಸರ್ಕಾರಿ ನೌಕರರ ಟೆಸ್ಟ್‌ಗಳಲ್ಲಿ ಓಪಿಯೇಟ್ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು. ಕೊಡೀನ್ ಇರುವ ಸಿರಪ್ಪೂ ಹಾಗೇ. ಅದು ಹೊಟ್ಟೆಗೆ ಹೋದಮೇಲೆ ಸ್ವಲ್ಪ ಮಾರ್ಫಿನ್ ಆಗುತ್ತದೆ. ಆಗ ಡಾಕ್ಟರ ಚೀಟಿಯೇ ಆಧಾರ.

ಉಳಿದದ್ದಕ್ಕೆ ಮಾಸ್ ಸ್ಪೆಕ್ಟ್ರೊಮೆಟ್ರಿ ಇದೆ. ಅದು ಅಣುವನ್ನು ಒಡೆದು, ಚೂರುಗಳ ತೂಕ ನೋಡಿ ಗುರುತಿಸುತ್ತದೆ. ಪೈಲಟ್‌ಗಳಿಗೆ 2022ರ ಜನವರಿ 31ರಿಂದ ಇರುವ, ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲೂ ಮೊದಲ ಟೆಸ್ಟ್ ಪಾಸಿಟಿವ್ ಬಂದರೆ ದೃಢೀಕರಣದ ಟೆಸ್ಟ್ ಆಗಲೇಬೇಕು. ಡ್ರೈವರ್ ಹುಡುಗನಿಗೆ ಯಾಕೆ ಬೇಡ? ಕಿಟ್ ನೋಡಿದ್ದೇ ಕೆಲಸದಿಂದ ತೆಗೆಯುವ ಕಡೆಗಳಿವೆ. ನನಗೆ ತುಂಬ ಸಂಕಟವಾಗುತ್ತದೆ. ಹಾಗಾದರೆ ಅದೇ ಸ್ಯಾಂಪಲ್ ದೃಢೀಕರಣದ ಟೆಸ್ಟ್‌ಗೆ ಕಳಿಸಿ ಅಂತ ಬರವಣಿಗೆಯಲ್ಲೇ ಕೇಳಿ. ಟೆಸ್ಟ್‌ಗೆ ಮೊದಲೇ ಮಾತ್ರೆ, ಸಿರಪ್ ಎಲ್ಲ ಬರೆದುಕೊಡಿ. ಶೀಟುಗಳ ಫೋಟೋ ಆದರೂ ಇಟ್ಟುಕೊಳ್ಳಿ.

“ಒಂದು ವಾರ ಮಾತ್ರೆ ಬಿಟ್ಟು ಬರ್ಲಾ ಮೇಡಂ?” ಅಂತ ಕೇಳಿದ ಅವನು. ನನಗೆ ಎದೆ ಧಸಕ್ ಅಂತು. ಟಿಬಿ ಮಾತ್ರೆ ಮಧ್ಯದಲ್ಲಿ ಬಿಟ್ಟರೆ ಕ್ರಿಮಿ ಔಷಧಿಗೇ ಬಗ್ಗದ ಹಾಗಾಗಬಹುದು. ಒಂದು ದಿನವೂ ಬಿಡಬೇಡ ಅಂತ ಹೇಳಿ, ಅವನೆದುರೇ ಕಪ್ ಸೀಲ್ ಮಾಡಿ ಕಳಿಸಿದೆ. ನಾಲ್ಕನೇ ದಿನ ರಿಪೋರ್ಟ್ ಬಂತು. ಓಪಿಯೇಟ್ ಇರಲಿಲ್ಲ.