ವ್ರೂಮ್ ಸೂತ್ರದಲ್ಲಿ ಆ ನಡುವಿನ ‘ಐ’

ಪದವೀಧರರ ಉದ್ಯೋಗ ನಿರೀಕ್ಷೆ, ಕೆಲಸದ ಮೌಲ್ಯ: ಪಠ್ಯದ ಈ ಘಟಕಕ್ಕೆ ಕೈಹಾಕುವ ಮುನ್ನ ಎರಡನ್ನೂ ಬೇರ್ಪಡಿಸಿಕೊಳ್ಳಿ. ಪ್ರಶ್ನಾವಳಿಯಲ್ಲಿ ‘ಇದು ನಿಮಗೆ ಎಷ್ಟು ಮುಖ್ಯ?’ ಎಂದಿದ್ದರೆ ಅಳೆಯುತ್ತಿರುವುದು ಮೌಲ್ಯ. ‘ಸಿಗುತ್ತದೆ ಅಂತ ಎಷ್ಟು ನಂಬಿಕೆ?’ ಎಂದಿದ್ದರೆ ನಿರೀಕ್ಷೆ. ಮಂಡ್ಯದ ಹುಡುಗನೊಬ್ಬನಿಗೆ ಊರ ಹತ್ತಿರದ ಕೆಲಸವೇ ಮುಖ್ಯ, ಆದರೆ ಬೆಂಗಳೂರಿಗೇ ಹೋಗಬೇಕಾದೀತು ಅಂತಲೂ ಗೊತ್ತು. ಎರಡೂ ಒಂದೇ ತಲೆಯಲ್ಲಿ ಇರುತ್ತವೆ.

ಮನಶ್ಶಾಸ್ತ್ರಜ್ಞ ಡೊನಾಲ್ಡ್ ಸೂಪರ್ ಅವರ 1970ರ ಕೆಲಸದ ಮೌಲ್ಯಗಳ ಮಾಪನದಲ್ಲಿ 15 ಮೌಲ್ಯಗಳಿವೆ. ಅಷ್ಟನ್ನೂ ಬಾಯಿಪಾಠ ಮಾಡುವುದು ದಂಡ. ಕೆಲಸದೊಳಗೇ ಸಿಗುವುದು (ಸೃಜನಶೀಲತೆ, ಬೌದ್ಧಿಕ ಸವಾಲು), ಕೆಲಸದಿಂದ ಬರುವುದು (ಸಂಬಳ, ಭದ್ರತೆ, ಮರ್ಯಾದೆ) ಎಂದು ವಿಂಗಡಿಸಿದರೆ ಉತ್ತರಕ್ಕೆ ಸಾಕು.

ಈಗ ಮನಶ್ಶಾಸ್ತ್ರಜ್ಞ ವಿಕ್ಟರ್ ವ್ರೂಮ್ 1964ರಲ್ಲಿ ಕೊಟ್ಟ ಪ್ರೇರಣೆಯ ಸೂತ್ರ. ಪ್ರೇರಣೆ = ಇ × ಐ × ವಿ. ‘ವಿ’ (ವೇಲೆನ್ಸ್) ಸುಲಭ, ಫಲ ನಮಗೆಷ್ಟು ಬೇಕು ಅನ್ನುವುದು. ತಲೆ ತಿನ್ನುವುದು ಇ (ಎಕ್ಸ್‌ಪೆಕ್ಟೆನ್ಸಿ) ಮತ್ತು ಐ (ಇನ್‌ಸ್ಟ್ರುಮೆಂಟಾಲಿಟಿ). ಎರಡೂ ‘ಆಗುತ್ತಾ?’ ಎಂದೇ ಕೇಳುವಂತೆ ಕಾಣುತ್ತವೆ. ಮದ್ದೂರಿನಿಂದ ಬಂದು ಮೈಸೂರಿನಲ್ಲಿ ಎಫ್‌ಡಿಎ (ಸರ್ಕಾರದ ಪ್ರಥಮ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಗೆ ಓದುತ್ತಿರುವವಳನ್ನು ಇಟ್ಟುಕೊಳ್ಳಿ. ಓದಿದರೆ ಅಂಕ ಬರುತ್ತಾ? ಇದು ಇ. ಅಂಕ ಬಂದರೆ ಆದೇಶ ಪತ್ರ ಬರುತ್ತಾ? ಇದು ಐ. ಮೊದಲನೆಯದು ಅವಳ ಕೈಯಲ್ಲಿದೆ. ಎರಡನೆಯದರಲ್ಲಿ ಅಧಿಸೂಚನೆ, ಹುದ್ದೆಗಳ ಸಂಖ್ಯೆ, ಕಟ್ ಆಫ್, ಕೋರ್ಟ್ ಕೇಸು ಎಲ್ಲ ನುಗ್ಗುತ್ತವೆ. ಶ್ರಮದಿಂದ ಸಾಧನೆಗೆ ಇ, ಸಾಧನೆಯಿಂದ ಫಲಕ್ಕೆ ಐ: ಬಾಣ ಎಳೆದು ಬರೆದರೆ ಗೊಂದಲವಾಗದು.

ಇನ್ನು ಗುಣಾಕಾರ. ಲೆಕ್ಕಕ್ಕೆಂದು ನಾನೇ ಇಟ್ಟ ಅಂಕಿಗಳಿವು. ಎಫ್‌ಡಿಎ: ಇ 0.9, ಐ 0.1, ವಿ 0.9. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿ ಕೆಲಸ: ಇ 0.6, ಐ 0.6, ವಿ 0.5. ಕೂಡಿದರೆ 1.9 ಮತ್ತು 1.7, ಎಫ್‌ಡಿಎ ಮುಂದು. ಗುಣಿಸಿದರೆ 0.081 ಮತ್ತು 0.18, ಕಂಪನಿ ದುಪ್ಪಟ್ಟಿಗಿಂತ ಹೆಚ್ಚು. ಒಂದು ಕೊಂಡಿ ಸಡಿಲವಾದರೆ ಉಳಿದೆರಡು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ, ಐ ಸೊನ್ನೆಯಾದರೆ ಪ್ರೇರಣೆಯೂ ಸೊನ್ನೆ.

ಹಾಗಾದರೆ ಅವಳು ಇನ್ನೂ ಯಾಕೆ ಓದುತ್ತಿದ್ದಾಳೆ? ಸೂತ್ರ ಸುಳ್ಳೇ? ಇಲ್ಲ. ಐ ಅನ್ನುವುದು ನಿಜವಾದ ಸಂಭವವಲ್ಲ, ಅವಳ ನಂಬಿಕೆ. ಪಕ್ಕದ ಬೀದಿಯ ಅಕ್ಕನಿಗೆ ಹೋದ ಸಲ ಆಯ್ಕೆಯಾಗಿದ್ದರೆ ಅವಳ ಮನಸ್ಸಿನಲ್ಲಿ ಐ 0.4 ಇರಬಹುದು. ಆಗ 0.9 × 0.4 × 0.9 = 0.324, ಕಂಪನಿ ಹಿಂದೆ ಬಿತ್ತು. ಮನೆಯವರು ‘ಓದ್ದೋರು ಕೆಲಸ ಸಿಕ್ಕಿದ್ದಕ್ಕೆ ಹೋಗ್ಬಾರ್ದಾ’ ಎಂದು ವಾದಿಸುವಾಗ ಅವರ ಐ ಬೇರೆ, ಇವಳ ಐ ಬೇರೆ. ‘ಈಗಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲ’ ಅನ್ನುವವರಿಗೆ ಈ ಲೆಕ್ಕ ತೋರಿಸಬೇಕು ಅಂತ ನನಗೊಂದು ಆಸೆ.

ವಿ ಋಣವೂ ಆಗಬಹುದು: ರಾತ್ರಿ ಪಾಳಿ ಬೇಡವೇ ಬೇಡ ಅನ್ನುವವರಿಗೆ ಗುಣಲಬ್ಧವೇ ಮೈನಸ್.

ಹರ್ಜ್‌ಬರ್ಗ್ (1959; ಕೆಲಸದ ತೃಪ್ತಿಗೂ ಅತೃಪ್ತಿಗೂ ಕಾರಣಗಳೇ ಬೇರೆ ಎಂದ ಮನಶ್ಶಾಸ್ತ್ರಜ್ಞ) ಬಗ್ಗೆ ಒಂದೇ ಮಾತು. ಸಂಬಳವನ್ನು ಅವರು ಅತೃಪ್ತಿ ತಡೆಯುವ ಅಂಶಗಳ ಪಟ್ಟಿಗೆ ಸೇರಿಸಿದ್ದು ಪಿಟ್ಸ್‌ಬರ್ಗ್‌ನ ಎಂಜಿನಿಯರು, ಲೆಕ್ಕಿಗರನ್ನು ಮಾತಾಡಿಸಿ. ಅವರೆಲ್ಲ ಆಗಲೇ ಕೆಲಸದಲ್ಲಿದ್ದವರು. ಮೊದಲ ಕೆಲಸ ಹುಡುಕುವವರ ಪ್ರಶ್ನೆ ಬಂದರೆ ಅದನ್ನು ಹಾಗೇ ತಂದು ಅಂಟಿಸದೆ, ಈ ವ್ಯತ್ಯಾಸ ಹೇಳಿಯೇ ಬಳಸಿ.