ಅವಧಿಪೂರ್ವ ರದ್ದತಿ ಶುಲ್ಕ: ಮೊಬೈಲ್ ಕರಾರನ್ನು ನಡುವೆಯೇ ಬಿಟ್ಟರೆ ಕಟ್ಟಬೇಕಾದ ಹಣ

ಎರಡು ವರ್ಷದ ಕರಾರಿಗೆ ಸಹಿ ಹಾಕಿ ಮೊಬೈಲ್ ಸಂಪರ್ಕ ಪಡೆದವರು ಹದಿನೈದನೇ ತಿಂಗಳಿಗೇ ಬೇರೆ ಕಂಪನಿಗೆ ಹೊರಟರೆ, ಹಳೆಯ ಕಂಪನಿ ಕೊನೆಯ ಬಿಲ್ಲಿನಲ್ಲಿ ಒಂದು ಹೆಚ್ಚುವರಿ ಮೊತ್ತ ಸೇರಿಸುತ್ತದೆ. ಅದೇ ಅವಧಿಪೂರ್ವ ರದ್ದತಿ ಶುಲ್ಕ. ಕರಾರುಪತ್ರಗಳಲ್ಲಿ ಅದು ‘ಅರ್ಲಿ ಟರ್ಮಿನೇಷನ್ ಫೀ’ ಎಂದೋ ‘ಇಟಿಎಫ್’ ಎಂದೋ ಕಾಣಿಸಿಕೊಳ್ಳುತ್ತದೆ. ಇಷ್ಟು ತಿಂಗಳು ಇರಲೇಬೇಕು ಎಂಬ ಕನಿಷ್ಠ ಅವಧಿ ಹಾಕಿರುವ ಪೋಸ್ಟ್‌ಪೇಯ್ಡ್ ಕರಾರುಗಳಿಗಷ್ಟೇ ಇದು ಅನ್ವಯ. ಪ್ರೀಪೇಯ್ಡ್ ಸಂಪರ್ಕಕ್ಕಾಗಲಿ, ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಪ್ಲಾನ್‌ಗಾಗಲಿ ಇದರ ಗೊಡವೆಯಿಲ್ಲ.

ಗ್ರಾಹಕರು ಇದನ್ನು ದಂಡ ಎನ್ನುತ್ತಾರೆ, ಕಂಪನಿಗಳು ನಷ್ಟಭರ್ತಿ ಎನ್ನುತ್ತವೆ. ನಿಜವಾಗಿ ನೋಡಿದರೆ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಲೆಕ್ಕಗಳು ಸೇರಿಕೊಂಡಿವೆ. ಒಂದು ಫೋನಿನ ಲೆಕ್ಕ, ಇನ್ನೊಂದು ಸೇವೆಯ ಲೆಕ್ಕ. ಕಡಿಮೆ ಬೆಲೆಗೆ ಕೊಟ್ಟ ಹ್ಯಾಂಡ್‌ಸೆಟ್‌ನ ಉಳಿದ ಹಣವನ್ನು ಕಂಪನಿ ತಿಂಗಳ ಬಿಲ್ಲಿನ ಮೂಲಕ ವಸೂಲು ಮಾಡಿಕೊಳ್ಳುತ್ತಿರುತ್ತದೆ. ಗ್ರಾಹಕ ನಡುವೆ ಹೊರಟರೆ ಆ ಬಾಕಿ ಕೇಳುವುದು ನ್ಯಾಯವೇ. ಆದರೆ ಇನ್ನು ಮುಂದೆ ಮಾಡದ ಕರೆಗೆ, ಬಳಸದ ಡೇಟಾಗೆ ಹಣ ಕೇಳಿದಾಗ ‘ಏಕೆ, ಎಷ್ಟು?’ ಎಂದು ಕೇಳುವ ಹಕ್ಕು ಗ್ರಾಹಕರಿಗಿರಬೇಕು. ಈ ಎರಡನ್ನೂ ಬಿಡಿಸಿ ತೋರಿಸದೆ ಒಟ್ಟು ಮೊತ್ತವನ್ನಷ್ಟೇ ಹೇಳುವ ಬಿಲ್ಲನ್ನು ಕಣ್ಣುಮುಚ್ಚಿ ಕಟ್ಟಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೆಕ್ಕ ಹೇಗಿರಬೇಕು ಎಂಬುದಕ್ಕೆ ಕೆನಡಾ ಒಳ್ಳೆಯ ಉದಾಹರಣೆ. ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ ರೂಪಿಸಿದ ವೈರ್‌ಲೆಸ್ ಸಂಹಿತೆ 2013ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ರದ್ದತಿ ಶುಲ್ಕ ಫೋನಿನ ಮೇಲೆ ಕೊಟ್ಟ ಸಬ್ಸಿಡಿಯನ್ನು ಮೀರುವಂತಿಲ್ಲ. ಅದು ಪ್ರತಿ ತಿಂಗಳೂ ಸಮನಾಗಿ ಇಳಿಯುತ್ತಾ 24 ತಿಂಗಳಿಗೆ ಸೊನ್ನೆಯಾಗಬೇಕು. 720 ಡಾಲರಿನ ಫೋನಿಗೆ ಗ್ರಾಹಕ ಮೊದಲು 240 ಡಾಲರ್ ಕಟ್ಟಿದ್ದಾನೆ ಎಂದುಕೊಳ್ಳೋಣ. ಸಬ್ಸಿಡಿ 480. ತಿಂಗಳಿಗೆ 20 ಡಾಲರಿನಂತೆ ಅದು ಕರಗುತ್ತದೆ. ಹದಿನೈದು ತಿಂಗಳ ನಂತರ ಹೊರಟರೆ ಉಳಿದ ಒಂಬತ್ತು ತಿಂಗಳಿಗೆ 180 ಡಾಲರ್, ಅಷ್ಟೇ. ಕರಾರಿನಲ್ಲಿ ಫೋನೇ ಇಲ್ಲದಿದ್ದರೆ, 50 ಡಾಲರ್ ಅಥವಾ ಬಾಕಿ ತಿಂಗಳುಗಳ ಕನಿಷ್ಠ ಶುಲ್ಕದ ಶೇಕಡಾ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಯಾರು ಬೇಕಾದರೂ ಕಾಗದದ ಮೇಲೆ ಕೂಡಿ ಕಳೆದು ನೋಡಬಹುದಾದ ಲೆಕ್ಕ ಇದು.

ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದಲ್ಲಿ ಸಿಗುತ್ತದೆ. 2009ರ ನವೆಂಬರ್‌ನಲ್ಲಿ ವೆರೈಝನ್ ಕಂಪನಿ ಸ್ಮಾರ್ಟ್‌ಫೋನ್ ಗ್ರಾಹಕರ ರದ್ದತಿ ಶುಲ್ಕವನ್ನು 175 ಡಾಲರ್‌ನಿಂದ ಒಮ್ಮೆಗೇ 350ಕ್ಕೆ ಏರಿಸಿತು. ಪೂರ್ತಿಯಾದ ಒಂದೊಂದು ತಿಂಗಳಿಗೂ 10 ಡಾಲರ್ ಇಳಿಯುತ್ತಿತ್ತು, ನಿಜ. ಆದರೆ 23 ತಿಂಗಳು ತಪ್ಪದೆ ಬಿಲ್ ಕಟ್ಟಿ, ಇನ್ನೊಂದೇ ತಿಂಗಳು ಉಳಿದಿರುವಾಗ ಹೊರಟವರೂ 120 ಡಾಲರ್ ತೆರಬೇಕಾಗುತ್ತಿತ್ತು. ಇದನ್ನು ಫೋನಿನ ಬಾಕಿ ಎನ್ನಲು ಸಾಧ್ಯವಿಲ್ಲ. ಅಲ್ಲಿನ ಫೆಡರಲ್ ಸಂವಹನ ಆಯೋಗ ಮರುತಿಂಗಳೇ ಕಂಪನಿಯಿಂದ ವಿವರಣೆ ಕೇಳಿತು.

2013ರಲ್ಲಿ ಅಮೆರಿಕದ ಇನ್ನೊಂದು ಕಂಪನಿ ಟಿ-ಮೊಬೈಲ್ ಎರಡು ವರ್ಷದ ಕರಾರನ್ನು ಕೈಬಿಟ್ಟು ಫೋನಿನ ಕಂತನ್ನೂ ಸೇವೆಯ ಶುಲ್ಕವನ್ನೂ ಬೇರೆ ಮಾಡಿತು. ಉಳಿದವರೂ ಕ್ರಮೇಣ ಅದೇ ದಾರಿ ಹಿಡಿದರು. ಹಾಗೆಂದು ನಡುವೆ ಬಿಡುವ ಖರ್ಚು ಇಲ್ಲವಾಗಲಿಲ್ಲ, ಅದರ ರೂಪ ಬದಲಾಯಿತು. ಈಗ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ‘ಬಿಲ್ ಕ್ರೆಡಿಟ್’ನಲ್ಲಿ. ಫೋನ್ ಉಚಿತ ಎಂದು ಜಾಹೀರಾತು ಹೇಳುತ್ತದೆ. ಕರಾರಿನಲ್ಲಿ ಮಾತ್ರ 720 ಡಾಲರಿನ ಫೋನಿಗೆ ತಿಂಗಳಿಗೆ 20ರಂತೆ 36 ಕಂತುಗಳಿರುತ್ತವೆ, ಪ್ರತಿ ಕಂತಿನ ಎದುರಿಗೆ 20 ಡಾಲರಿನ ರಿಯಾಯಿತಿ ಜಮೆಯಾಗುತ್ತಿರುತ್ತದೆ. ಗ್ರಾಹಕ ಹದಿನೈದು ತಿಂಗಳಿಗೆ ಹೊರಟರೆ ರಿಯಾಯಿತಿ ಅಲ್ಲಿಗೇ ನಿಲ್ಲುತ್ತದೆ, ಉಳಿದ 21 ಕಂತುಗಳ 420 ಡಾಲರ್ ಒಟ್ಟಿಗೆ ಮೈಮೇಲೆ ಬರುತ್ತದೆ. ಆ ಕಾಗದದಲ್ಲಿ ‘ರದ್ದತಿ ಶುಲ್ಕ’ ಎಂಬ ಮಾತನ್ನು ಎಷ್ಟು ಹುಡುಕಿದರೂ ಸಿಗಲಾರದು. ಹಾಗಾಗಿ ‘ನಿಮ್ಮಲ್ಲಿ ರದ್ದತಿ ಶುಲ್ಕ ಇದೆಯೇ?’ ಎಂದು ಕೇಳಿ ‘ಇಲ್ಲ’ ಎಂಬ ಉತ್ತರ ಪಡೆದು ನಿಶ್ಚಿಂತರಾಗುವಂತಿಲ್ಲ. ‘ಇಂದೇ ಬಿಟ್ಟರೆ ಒಟ್ಟು ಎಷ್ಟು ಕಟ್ಟಬೇಕು?’ ಎಂದು ಕೇಳಬೇಕು.

ಯುರೋಪ್ ಒಕ್ಕೂಟದ 2018ರ ವಿದ್ಯುನ್ಮಾನ ಸಂವಹನ ಸಂಹಿತೆ ಗ್ರಾಹಕರ ಕರಾರಿನ ಕಡ್ಡಾಯ ಅವಧಿ 24 ತಿಂಗಳನ್ನು ಮೀರಬಾರದು ಎನ್ನುತ್ತದೆ. ಆ ಅವಧಿ ಮುಗಿದು ಕರಾರು ತಾನಾಗಿಯೇ ಮುಂದುವರಿದಿದ್ದರೆ, ಹೆಚ್ಚೆಂದರೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಹೊರಬರಬಹುದು. ಸಬ್ಸಿಡಿ ಫೋನನ್ನು ಇಟ್ಟುಕೊಂಡು ಹೋಗುವವರು ಕೊಡಬೇಕಾದ ಪರಿಹಾರಕ್ಕೂ ಮಿತಿಯಿದೆ: ಫೋನಿನ ಉಳಿದ ಮೌಲ್ಯ, ಸೇವೆಯ ಉಳಿದ ಶುಲ್ಕ, ಇವೆರಡರಲ್ಲಿ ಕಡಿಮೆಯದು. ಜಪಾನ್ ಇನ್ನೂ ಬಿಗಿ ನಿಲುವು ತಳೆಯಿತು. ಅಲ್ಲಿ ಸಾಮಾನ್ಯವಾಗಿದ್ದ 9,500 ಯೆನ್ ಶುಲ್ಕಕ್ಕೆ 2019ರ ಅಕ್ಟೋಬರ್‌ನಿಂದ ಹೊಸ ಕರಾರುಗಳಲ್ಲಿ 1,000 ಯೆನ್ ಮಿತಿ ಬಿತ್ತು.

ಶುಲ್ಕವಿಲ್ಲದೆ ಹೊರಬರುವ ದಾರಿಗಳೂ ಇವೆ. ಅವು ಬಹಳ ಮಂದಿಗೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ. ಅಂಗಡಿಗೆ ಹೋಗದೆ ಫೋನಿನಲ್ಲೋ ಅಂತರ್ಜಾಲದಲ್ಲೋ ಕರಾರು ಮಾಡಿಕೊಂಡವರು ಯುರೋಪ್ ಒಕ್ಕೂಟದಲ್ಲೂ ಬ್ರಿಟನ್ನಿನಲ್ಲೂ 14 ದಿನಗಳೊಳಗೆ ಮನಸ್ಸು ಬದಲಾಯಿಸಬಹುದು. ಆ ದಿನಗಳಲ್ಲಿ ಬಳಸಿದ ಸೇವೆಗೆ ಮಾತ್ರ ಹಣ ಕೊಡಬೇಕಾದೀತು. ಕಂಪನಿ ಅವಧಿಯ ನಡುವೆ ತಾನಾಗಿಯೇ ಷರತ್ತು ಬದಲಿಸಿ ಗ್ರಾಹಕರಿಗೆ ಹೊರೆ ಹೇರಿದರೆ, ಯುರೋಪಿನ ನಿಯಮದಂತೆ ಗ್ರಾಹಕರು ಶುಲ್ಕವಿಲ್ಲದೆ ಕರಾರು ಬಿಡಬಹುದು. ಆದರೆ ಆ ಅವಕಾಶಕ್ಕೆ ದಿನಗಳ ಗಡುವಿರುತ್ತದೆ, ‘ಷರತ್ತುಗಳಲ್ಲಿ ಬದಲಾವಣೆ’ ಎಂಬ ಸಂದೇಶವನ್ನು ಓದದೆ ಅಳಿಸಿದವರು ಅದನ್ನು ಕಳೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಸಿಗ್ನಲ್ ಸಿಗದ ಜಾಗಕ್ಕೆ 90 ದಿನಗಳಿಗಿಂತ ಕಡಿಮೆಯಿಲ್ಲದ ಅವಧಿಗೆ ವರ್ಗವಾದ ಸೈನಿಕರಿಗೆ ಕಾನೂನೇ ಈ ಶುಲ್ಕದಿಂದ ರಕ್ಷಣೆ ಕೊಟ್ಟಿದೆ.

ಬಿಲ್ ಕಟ್ಟುವುದನ್ನು ನಿಲ್ಲಿಸಿದರೆ ಕರಾರು ತಾನಾಗಿಯೇ ಮುಗಿಯುತ್ತದೆ ಎಂಬ ನಂಬಿಕೆಯಂತೂ ತುಂಬಾ ಅಪಾಯಕಾರಿ. ಕರಾರು ಮುಗಿಯುವುದಿಲ್ಲ, ಬಾಕಿ ಬೆಳೆಯುತ್ತದೆ, ವಸೂಲಿಯವರ ಕೈಗೆ ಹೋಗುತ್ತದೆ, ಸಾಲದ ದಾಖಲೆಯಲ್ಲಿ ಕಪ್ಪುಚುಕ್ಕೆಯಾಗಿ ಕೂರುತ್ತದೆ. ಅದೇ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿದರೆ ಬಹಳ ಕಡೆ ಹಳೆಯ ಕರಾರು ಆ ಕ್ಷಣವೇ ಮುಗಿದು ಶುಲ್ಕ ಬೀಳುತ್ತದೆ. ಹಾಗೆಂದು ನಂಬರ್ ಪೋರ್ಟ್ ಆಗುವ ಮೊದಲೇ ರದ್ದತಿಗೆ ಅವಸರ ಮಾಡಿದರೆ ನಂಬರೇ ಕೈತಪ್ಪಬಹುದು. ಮೊದಲು ಮೊತ್ತ ತಿಳಿದುಕೊಂಡು, ಆಮೇಲೆ ಪೋರ್ಟ್ ಮಾಡುವುದೇ ಸರಿಯಾದ ಕ್ರಮ. ಬ್ರಿಟನ್ನಿನಲ್ಲಿ 2019ರ ಜುಲೈನಿಂದ ಇದಕ್ಕೆ ಸರಳ ವ್ಯವಸ್ಥೆಯಿದೆ: 85075ಕ್ಕೆ ‘ಇನ್ಫೋ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಂಎಸ್ ಕಳುಹಿಸಿದರೆ ಈಗ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದು ಉತ್ತರವಾಗಿ ಬರುತ್ತದೆ. ಯಾರ ಮನವೊಲಿಕೆಯ ಮಾತನ್ನೂ ಕೇಳಬೇಕಾಗಿಲ್ಲ. ಎಲ್ಲ ದೇಶಗಳಲ್ಲೂ ಇಂಥದ್ದು ಬರಬೇಕು.

ಮೊತ್ತ ಕೈಗೆ ಬಂದ ಮೇಲೆ ಹೋಲಿಸಿ ನೋಡಬೇಕಾದದ್ದು ಒಂದೇ. ಈಗಿನ ತಿಂಗಳ ಶುಲ್ಕ 40, ಹೊಸ ಪ್ಲಾನಿನದು 25 ಎಂದಾದರೆ ತಿಂಗಳಿಗೆ ಉಳಿಯುವುದು 15. ಒಂಬತ್ತು ತಿಂಗಳು ಬಾಕಿಯಿದ್ದರೆ ಒಟ್ಟು ಉಳಿತಾಯ 135. ರದ್ದತಿಗೆ 180 ಕೇಳಿದರೆ ಕಾಯುವುದೇ ಲಾಭ, 90 ಕೇಳಿದರೆ ಹೊರಡುವುದು ಲಾಭ. ಕಾಯುವುದೆಂದಾದರೆ ಅದೇ ಕಂಪನಿಯ ಅತಿ ಅಗ್ಗದ ಪ್ಲಾನಿಗೆ ಇಳಿಯಲು ಕರಾರು ಬಿಡುತ್ತದೆಯೇ, ಬೇರೊಬ್ಬರ ಹೆಸರಿಗೆ ವರ್ಗಾಯಿಸಲು ಅವಕಾಶವಿದೆಯೇ ಎಂದು ವಿಚಾರಿಸಬಹುದು. ಹೊರಡುವುದೆಂದಾದರೆ ಹಣ ಕಟ್ಟುವ ಮೊದಲೇ ಬೇರೆ ಕಂಪನಿಯ ಸಿಮ್ ಬಳಸದಂತೆ ತಡೆಯುವ ಫೋನಿನ ಸಿಮ್ ಲಾಕ್ ತೆಗೆಸುವ ಮಾತಾಡಿಕೊಳ್ಳಬೇಕು. ಠೇವಣಿ ಇಟ್ಟಿದ್ದರೆ ಅದನ್ನು ಕೊನೆಯ ಬಿಲ್ಲಿಗೆ ವಜಾ ಮಾಡಿದ್ದಾರೆಯೇ ಎಂದು ನೋಡಬೇಕು. ಬ್ಯಾಂಕಿನ ಸ್ವಯಂಪಾವತಿಯನ್ನು ಆ ಕೊನೆಯ ಬಿಲ್ ಬಂದು, ‘ಬಾಕಿ ಇಲ್ಲ’ ಎಂಬ ಲಿಖಿತ ಉತ್ತರ ಸಿಕ್ಕ ಮೇಲೆ ನಿಲ್ಲಿಸಬೇಕು.