ಕುದುರೆಮುಖ: ಅದಿರಿಗಾಗಿ ಹುಟ್ಟಿದ ಊರು, ನದಿಗಾಗಿ ನಿಂತ ಗಣಿ

ಮಲೆನಾಡು ಅಂದ್ರೆ ಅಡಿಕೆ, ಕಾಫಿ, ಏಲಕ್ಕಿ. ಟೀ ತೋಟ ನೋಡಬೇಕು ಅಂದರೆ ಎಲ್ಲರ ಬಾಯಲ್ಲಿ ಬರುವುದು ಊಟಿ, ಮುನ್ನಾರ್. ಆದರೆ ಕಳಸದಿಂದ ಕುದುರೆಮುಖದ ಕಡೆ ಹೊರಟರೆ ಸಂಸೆಯ ಹತ್ತಿರ ಒಮ್ಮೆಲೇ ಅಡಿಕೆ ಮರ ಮಾಯವಾಗಿ, ಸೊಂಟದೆತ್ತರಕ್ಕೆ ಸಮನಾಗಿ ಕತ್ತರಿಸಿದ ಟೀ ಗಿಡಗಳು ಗುಡ್ಡ ತುಂಬಾ ಹರಡಿಕೊಳ್ಳುತ್ತವೆ. ನಡುನಡುವೆ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್. ಗಿಡದ ಸಾಲಿನ ಮಧ್ಯೆ ಬೆನ್ನಿಗೆ ಚೀಲ ಕಟ್ಟಿಕೊಂಡು ಚಿಗುರು ಕೀಳುವ ಹೆಂಗಸರು. ತುದಿಯ ಎರಡು ಎಲೆ, ಒಂದು ಕುಡಿ, ಅಷ್ಟೇ ಕೀಳಬೇಕು. ಕೆಳಗಿನ ಎಲೆ ಬಲಿತಿರುತ್ತದೆ, ಅದು ಬಂದರೆ ಪುಡಿಯ ರುಚಿ ಕೆಡುತ್ತದೆ.

ಇಷ್ಟು ಮಳೆ, ಇಷ್ಟು ಇಳಿಜಾರು ಇದ್ದೂ ಮಲೆನಾಡಿನಲ್ಲಿ ಟೀ ಯಾಕೆ ಹಬ್ಬಲಿಲ್ಲ? ಕೊಟ್ಟಿಗೆಹಾರದ ಹತ್ತಿರದ ಕೆಳಗೂರು, ಈ ಸಂಸೆ, ಹೀಗೆ ಅಲ್ಲೊಂದು ಇಲ್ಲೊಂದು ಬಿಟ್ಟರೆ ಜಾಸ್ತಿ ಇಲ್ಲ. ಒಂದು ಮುಖ್ಯ ಕಾರಣ ಫ್ಯಾಕ್ಟರಿ. ಕಾಫಿ ಬೀಜ, ಅಡಿಕೆಯನ್ನು ಮನೆಯಂಗಳದಲ್ಲೇ ಒಣಗಿಸಿ, ಮೂಟೆ ಕಟ್ಟಿ, ರೇಟು ಬರುವವರೆಗೆ ಅಟ್ಟದಲ್ಲಿ ಇಡಬಹುದು. ಟೀ ಎಲೆಗೆ ಆ ತಾಳ್ಮೆ ಇಲ್ಲ. ಕಿತ್ತ ದಿನವೇ ಫ್ಯಾಕ್ಟರಿಗೆ ಹೋಗಬೇಕು, ಬಾಡಿಸಬೇಕು, ಅರೆಯಬೇಕು. ಎರಡು ಎಕರೆ ತೋಟದವನಿಗೆ ಅದು ಆಗದ ಮಾತು. ಹಾಗಾಗಿ ಟೀ ದೊಡ್ಡ ಎಸ್ಟೇಟುಗಳ ಬೆಳೆಯಾಗಿಯೇ ಉಳಿಯಿತು.

ಈ ಟೀ ತೋಟ ದಾಟಿ ಮುಂದೆ ಹೋದರೆ ಸಿಗುವುದೇ ಕುದುರೆಮುಖ ಊರು. ಕಳಸದಿಂದ ಸುಮಾರು 20 ಕಿಲೋಮೀಟರ್. ವಾರದ ಕೊನೆಯಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಬರುತ್ತವೆ. ಹಸಿರು ಬೆಟ್ಟ, ಮಂಜು, ಝರಿ, ಫೋಟೋ. ಬಂದವರಲ್ಲಿ ತುಂಬಾ ಜನ ಈ ಜಾಗ ಹಿಂದಿನಿಂದಲೂ ಹೀಗೇ ಇತ್ತು ಎಂದುಕೊಂಡು ವಾಪಸ್ ಹೋಗುತ್ತಾರೆ. ಅಲ್ಲ. ಈ ಹಸಿರು ಸುಮ್ನೆ ಉಳಿದದ್ದಲ್ಲ. ಇದನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಟ, ಕೋರ್ಟು ಎಲ್ಲ ಆಗಿದೆ. ಅದರ ಬೆಲೆಯನ್ನು ಒಬ್ಬರಲ್ಲ, ಹಲವರು ತೆತ್ತಿದ್ದಾರೆ. ಆ ಕಥೆ ಗೊತ್ತಿಲ್ಲದೆ ಕುದುರೆಮುಖ ನೋಡಿದರೆ ಅರ್ಧವೇ ನೋಡಿದ ಹಾಗೆ.

ಇಲ್ಲಿನ ಬೆಟ್ಟದಲ್ಲಿ ಕಬ್ಬಿಣ ಇದೆ ಎಂದು ಗುರುತಿಸಿದ್ದು ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್, 1913ರಲ್ಲಿ. ಆಗ ಅದನ್ನು ತೆಗೆಯುವ ದಾರಿ ಯಾರಿಗೂ ಇರಲಿಲ್ಲ. ದಟ್ಟ ಕಾಡು, ವರ್ಷಕ್ಕೆ ಸುಮಾರು 7 ಸಾವಿರ ಮಿಲಿಮೀಟರ್ ಮಳೆ, ಮೇಲಾಗಿ ಕಡಿಮೆ ದರ್ಜೆಯ ಅದಿರು. ಭದ್ರಾವತಿ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಬಂತು, ಕುದುರೆಮುಖ ಹಾಗೇ ಉಳಿಯಿತು. ಶಿಖರದ ಹತ್ತಿರ ತಂಪು ಹವೆ ಹುಡುಕಿಕೊಂಡು ದಕ್ಷಿಣ ಕನ್ನಡದ ಬ್ರಿಟಿಷ್ ಅಧಿಕಾರಿಗಳು ಬೇಸಿಗೆಗೆ ಬರುತ್ತಿದ್ದರು. ಚಾರಣದ ದಾರಿಯಲ್ಲಿ ಈಗಲೂ ಹಳೆಯ ಗೋಡೆಗಳು ಸಿಗುತ್ತವೆ. ಅದನ್ನು ಲೋಬೋ ಮನೆ ಅನ್ನುತ್ತಾರೆ.

ಗಣಿಗಾರಿಕೆಯ ಗುತ್ತಿಗೆ ಸಿಕ್ಕಿದ್ದು 1969ರಲ್ಲಿ. ಸುಮಾರು 4,605 ಹೆಕ್ಟೇರ್, 30 ವರ್ಷಕ್ಕೆ. ಆದರೆ ಕೆಲಸಕ್ಕೆ ಜೀವ ಬಂದದ್ದು 1975ರಲ್ಲಿ, ಇರಾನಿನ ದೊರೆ ಶಾ ಅವರ ಸರ್ಕಾರದ ಜೊತೆ ಒಪ್ಪಂದ ಆದಾಗ. ಎಣ್ಣೆಯ ದುಡ್ಡು ಕೈತುಂಬಾ ಇದ್ದ ಇರಾನಿಗೆ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯಿತು. ಭದ್ರಾ ಹೊಳೆಯ ಪಕ್ಕ ಮಲ್ಲೇಶ್ವರ ಎಂಬ ಹಳ್ಳಿ ಇದ್ದ ಜಾಗದಲ್ಲಿ ಒಂದಿಡೀ ಟೌನ್‌ಶಿಪ್ ಎದ್ದಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಮಾರ್ಕೆಟ್, ಆಟದ ಮೈದಾನ. ಸುತ್ತಲಿನ ಹಳ್ಳಿಗಳಲ್ಲಿ ಚಿಮಣಿ ದೀಪ ಉರಿಯುತ್ತಿದ್ದ ಕಾಲದಲ್ಲಿ ಇಲ್ಲಿ ಬೀದಿ ದೀಪ, ಟಾರ್ ರಸ್ತೆ.

1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು. ಶಾ ದೇಶ ಬಿಟ್ಟರು. ಬರಬೇಕಿದ್ದ ದುಡ್ಡು ಅರ್ಧಕ್ಕೇ ನಿಂತಿತು, ಕೊಳ್ಳುವವರೂ ಇಲ್ಲವಾದರು. ಗಣಿ ಮಾತ್ರ 1980ರ ಹೊತ್ತಿಗೆ ಕಟ್ಟಿ ಮುಗಿದಿತ್ತು. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿ ತಯಾರಿಸುವ ತಾಕತ್ತಿನ ಗಣಿ. ಬೇರೆ ದೇಶಗಳ ಗಿರಾಕಿ ಹುಡುಕಿ, 1987ರಲ್ಲಿ ಮಂಗಳೂರಿನಲ್ಲಿ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ ಹಾಕಿ, ಕಂಪನಿ ನಿಧಾನಕ್ಕೆ ಕಾಲೂರಿತು.

ಆ ಗಣಿ ಕೆಲಸ ಮಾಡುತ್ತಿದ್ದ ರೀತಿ ತಿಳಿದರೆ ಮುಂದಿನ ಗಲಾಟೆ ಅರ್ಥವಾಗುತ್ತದೆ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು. ಕಲ್ಲನ್ನು ಒಡೆದು, ನೀರು ಸೇರಿಸಿ ನುಣ್ಣಗೆ ಅರೆಯುವುದು. ಆ ರಾಡಿಯಿಂದ ಕಬ್ಬಿಣದ ಅಂಶವನ್ನು ಅಯಸ್ಕಾಂತದಿಂದ ಬೇರೆ ಮಾಡುವುದು. ಸಿಕ್ಕ ಕಪ್ಪು ರಾಡಿಯನ್ನು 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಬಂದರಿಗೆ ಬಿಡುವುದು. ಲಾರಿ ಇಲ್ಲ, ರೈಲು ಇಲ್ಲ. ಎಂಜಿನಿಯರಿಂಗ್ ಮಟ್ಟಿಗೆ ಇದು ನಿಜಕ್ಕೂ ದೊಡ್ಡ ಸಾಧನೆ, ಅದನ್ನು ಒಪ್ಪಿಕೊಳ್ಳಬೇಕು.

ಆದರೆ ಅರೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಸ. ಕಬ್ಬಿಣ ತೆಗೆದ ಮೇಲೆ ಉಳಿಯುವ ನುಣ್ಣನೆಯ ಕೆಸರು. ಅದನ್ನು ತಡೆದು ನಿಲ್ಲಿಸಲು ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಒಂದು ಅಣೆಕಟ್ಟು ಕಟ್ಟಿದರು. ನಮ್ಮೂರ ಕೆರೆ ಏರಿಯ ಹಾಗೆ ಅದೂ ಮಣ್ಣಿನದ್ದೇ, ಎತ್ತರ ಮಾತ್ರ 100 ಮೀಟರ್. ಅದರ ಹಿಂದೆ ಇರುವುದು ಬರೀ ನೀರಲ್ಲ, ಎರಡೂವರೆ ದಶಕದ ಗಣಿ ಕೆಸರು.

ಇನ್ನು ಅಗೆದು ಬಿಟ್ಟ ಬೆಟ್ಟದ ಮೈ. ಬೋಳಾದ ಮಣ್ಣಿನ ಮೇಲೆ ಮಲೆನಾಡಿನ ಜೂನ್–ಜುಲೈ ಮಳೆ ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ? ಭದ್ರೆ ಕೆಂಪಗೆ ಹರಿಯಿತು. ಗಣಿ ಇದ್ದದ್ದು ಹೊಳೆಯ ಜಲಾನಯನದ ಸಣ್ಣ ಭಾಗದಲ್ಲಿ. ಆದರೆ ಹೊಳೆ ಹೊತ್ತೊಯ್ಯುತ್ತಿದ್ದ ಹೂಳಿನಲ್ಲಿ ಬಹುದೊಡ್ಡ ಪಾಲು ಗಣಿಯದ್ದು ಎಂದು ನೀರನ್ನು ಅಳೆದು ನೋಡಿದ ವಿಜ್ಞಾನಿಗಳು ತೋರಿಸಿಕೊಟ್ಟರು.

ಇಲ್ಲೇ ಈ ಕಥೆ ಶಿವಮೊಗ್ಗದವರ ಮನೆ ಬಾಗಿಲಿಗೆ ಬರುವುದು. ಕುದುರೆಮುಖದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ ಎನ್ನುತ್ತಾರೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ತುಂಗೆ ಶೃಂಗೇರಿ, ತೀರ್ಥಹಳ್ಳಿ ಮೇಲೆ ಶಿವಮೊಗ್ಗಕ್ಕೆ ಬರುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿ ಡ್ಯಾಮಿನಲ್ಲಿ ನಿಂತು, ಭದ್ರಾವತಿ ಹಾದು, ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ದಿನಾ ಕೇಳುವ ಪ್ರಶ್ನೆ ಒಂದೇ: ‘ಡ್ಯಾಂ ಎಷ್ಟಾಯ್ತು?’ 186 ಅಡಿ ತುಂಬಿದರೆ ಭದ್ರಾವತಿಯಿಂದ ದಾವಣಗೆರೆವರೆಗೆ ಗದ್ದೆ, ತೋಟದವರಿಗೆ ನೆಮ್ಮದಿ. ಮೇಲೆ ಅಗೆದ ಮಣ್ಣು ಬಂದು ಕೂರುವುದು ಅದೇ ಡ್ಯಾಮಿನ ತಳದಲ್ಲಿ. ಒಮ್ಮೆ ಕೂತ ಹೂಳು ಏಳುವುದಿಲ್ಲ.

1987ರಲ್ಲಿ ಸರ್ಕಾರ ಇಲ್ಲಿನ 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿತು. ಎಂಬತ್ತರ ದಶಕದ ಮೊದಲಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಾಡಿದ ಸಿಂಗಳೀಕಗಳ ಸಮೀಕ್ಷೆ ಇದಕ್ಕೆ ದಾರಿ ಮಾಡಿತ್ತು. ಅಲ್ಲಿಗೆ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತು: ಉದ್ಯಾನದ ನಡುವೆಯೇ ಗಣಿ. 1999ರ ಜುಲೈಯಲ್ಲಿ ಗುತ್ತಿಗೆ ಮುಗಿಯಿತು. ಕಂಪನಿಗೆ ಇನ್ನೂ ವರ್ಷಗಳು ಬೇಕಿದ್ದವು, ಹೊಸ ಬೆಟ್ಟಗಳೂ ಬೇಕಿದ್ದವು. ತುಂಗೆ ಹುಟ್ಟುವ ಕಡೆಯ ಗಂಗಡಿಕಲ್ಲಿನ ಮೇಲೂ ಕಣ್ಣು ಬಿದ್ದಾಗ ಮಲೆನಾಡಿನಲ್ಲಿ ತುಂಗಾಮೂಲ ಉಳಿಸಿ ಹೋರಾಟ ಎದ್ದಿತು. ಊರೂರಲ್ಲಿ ಸಭೆ, ಮೆರವಣಿಗೆ. ಇನ್ನೊಂದು ಕಡೆ ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಆಗಲೇ ಅಗೆದಿದ್ದ ಜಾಗದಲ್ಲಷ್ಟೇ ಕೆಲಸ, ಅದೂ 2005ರ ಕೊನೆವರೆಗೆ ಮಾತ್ರ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಲಾಭದಲ್ಲಿ ನಡೆಯುತ್ತಿದ್ದ ಸರ್ಕಾರಿ ಕಂಪನಿಯ ಗಣಿಯನ್ನು ಕಾಡು, ಹೊಳೆಗಾಗಿ ನಿಲ್ಲಿಸಿದ ಉದಾಹರಣೆ ನಮ್ಮ ದೇಶದಲ್ಲಿ ಎಷ್ಟಿವೆ? ನನ್ನ ಮಟ್ಟಿಗೆ ಮಲೆನಾಡಿನ ಪರಿಸರ ಹೋರಾಟಗಳಲ್ಲಿ ಇದು ಅತಿ ದೊಡ್ಡ ಗೆಲುವು.

ಗೆದ್ದವರು ಇದ್ದ ಹಾಗೆ ಕಳೆದುಕೊಂಡವರೂ ಇದ್ದರು. ಗಣಿಯನ್ನೇ ನಂಬಿದ್ದ ಊರು ಖಾಲಿಯಾಯಿತು. ಅಲ್ಲೇ ಹುಟ್ಟಿ, ಅಲ್ಲೇ ಓದಿದ ಒಂದು ತಲೆಮಾರಿಗೆ ಹಿಂತಿರುಗಲು ಊರಿಲ್ಲ. ಸಾಲು ಸಾಲು ಕ್ವಾರ್ಟರ್ಸಿಗೆ ಬೀಗ ಬಿತ್ತು. ಮಳೆನಾಡಲ್ಲಿ ಬೀಗ ಹಾಕಿದ ಮನೆ ಎಷ್ಟು ವರ್ಷ ನಿಲ್ಲುತ್ತದೆ? ಮೊದಲು ಗೋಡೆಗೆ ಪಾಚಿ, ಆಮೇಲೆ ಮಾಡಿಗೆ ಗಿಡ.

ಇನ್ನೂ ದೊಡ್ಡ ಗಾಯ ಆದದ್ದು ಕಾಡಿನೊಳಗಿನ ಮನೆಗಳಿಗೆ. ಉದ್ಯಾನದ ಗಡಿಯೊಳಗೆ ಮಲೆಕುಡಿಯ, ಗೌಡಲು ಬುಡಕಟ್ಟಿನವರು, ಸಣ್ಣ ರೈತರು ತಲೆಮಾರುಗಳಿಂದ ಇದ್ದರು. ಗಣಿಗೆ ವರ್ಷಗಟ್ಟಲೆ ವಾಯಿದೆ ಸಿಗುತ್ತದೆ, ನಮಗೆ ಮಾತ್ರ ಎದ್ದು ಹೋಗಿ ಅನ್ನುತ್ತಾರೆ ಎಂಬ ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಒಕ್ಕಲೆಬ್ಬಿಸುತ್ತಾರೆ ಎಂಬ ಆ ಭಯದ ಮೇಲೆಯೇ ನಕ್ಸಲ್ ಚಟುವಟಿಕೆ ಇಲ್ಲಿ ಬೇರು ಬಿಟ್ಟಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ಬಳಿಯ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿಯಲ್ಲಿ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಿನಲ್ಲಿ ಸತ್ತರು. ಪೊಲೀಸರೂ ಸತ್ತರು, ಎರಡೂ ಕಡೆಯ ನಡುವೆ ಸಿಕ್ಕ ಹಳ್ಳಿಯವರೂ ಸತ್ತರು. ಉಳಿದಿದ್ದ ನಕ್ಸಲರಲ್ಲಿ ಆರು ಮಂದಿ 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಶರಣಾದರು. ಮುಂಡಗಾರಿನಂಥ ಹಳ್ಳಿಗಳಿಗೆ ರಸ್ತೆ, ಕರೆಂಟು, ಹಕ್ಕುಪತ್ರ ಬೇಕು ಎಂಬ ಬೇಡಿಕೆ ಆ ದಿನವೂ ಅವರ ಪಟ್ಟಿಯಲ್ಲಿ ಇತ್ತು.

2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಕುದುರೆಮುಖವೂ ಇತ್ತು. ಹುಲಿ ಮೀಸಲು ಮಾಡುವ ಮಾತು ಬಂದಾಗಲೆಲ್ಲ ಸ್ಥಳೀಯರು ವಿರೋಧಿಸಿದ್ದಾರೆ. ಕಾಡು ಉಳಿಯಲಿ ಎಂದೇ ನಾನೂ ಹೇಳುವುದು. ಆದರೆ ಕಾಡೊಳಗಿನ ಮನೆಯವರನ್ನು ಕೂರಿಸಿ ಮಾತಾಡದೆ ಮಾಡಿದ ಯಾವ ಘೋಷಣೆಯೂ ಇಲ್ಲಿ ನೆಟ್ಟಗೆ ನಡೆದಿಲ್ಲ.

ಈಗ ಹೋಗುವವರಿಗೆ ಎರಡು ಮಾತು. ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ, ಬಾಳೆಹೊನ್ನೂರು ಮೇಲೆ ಕಳಸಕ್ಕೆ ಹೋಗಿ. ಕಳಸೇಶ್ವರನ ದರ್ಶನ ಮಾಡಿ, ಹೊರನಾಡಿನಲ್ಲಿ ಅನ್ನಪೂರ್ಣೆಯ ಪ್ರಸಾದದ ಊಟ ಮಾಡಿ, ಸಂಸೆಯ ಟೀ ತೋಟ ನೋಡಿಕೊಂಡು ಮುಂದೆ ಹೊರಡಿ. ವಾಪಸ್ ಬರುವಾಗ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ), ಕೆರೆಕಟ್ಟೆ, ಶೃಂಗೇರಿ ದಾರಿ ಹಿಡಿಯಬಹುದು. ಕಡಾಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಇದೆ. ಹನುಮನಗುಂಡಿಗೆ ಮೆಟ್ಟಿಲಿಳಿಯಬೇಕು. ಅರಣ್ಯ ಇಲಾಖೆಯ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ನಡುವೆ ಗಾಡಿ ನಿಲ್ಲಿಸಿ ಊಟದ ಪೊಟ್ಟಣ ಬಿಚ್ಚುವುದು ಬೇಡ.

ಶಿಖರಕ್ಕೆ ಚಾರಣ ಶುರುವಾಗುವುದು ಟೌನಿನಿಂದ ಅಲ್ಲ, ಮುಳ್ಳೋಡಿಯಿಂದ. ಅಲ್ಲಿಗೆ ಸಂಸೆ ಕಡೆಯಿಂದ ಜೀಪು ಸಿಗುತ್ತದೆ. ಎತ್ತರ ಸುಮಾರು 1,890 ಮೀಟರ್. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಯೇ ಹೋಗಬೇಕು. ಮಳೆಗಾಲದಲ್ಲಿ ಉಂಬಳ ಕಾಲು ಬಿಡುವುದಿಲ್ಲ, ಸುಣ್ಣವೋ ಉಪ್ಪೋ ಜೊತೆಗಿರಲಿ. ದಾರಿಯಲ್ಲಿ ಬೆಟ್ಟದ ತಲೆ ಹುಲ್ಲು, ಕಣಿವೆಯ ಮಡಿಲು ಶೋಲಾ ಕಾಡು ಆಗಿರುವುದನ್ನು ಗಮನಿಸಿ. ಹುಲ್ಲಿನ ಮೇಲೆ ಬಿದ್ದ ಮಳೆ ನಿಧಾನಕ್ಕೆ ಇಂಗಿ, ಕಣಿವೆಯ ಮರಗಳ ಬೇರಿನ ಬುಡದಿಂದ ಒಸರುತ್ತಾ ಏಪ್ರಿಲ್‌ವರೆಗೂ ಹಳ್ಳಗಳನ್ನು ಜೀವಂತ ಇಡುತ್ತದೆ. ಹುಲ್ಲು ಬೋಳು ಜಾಗ ಅಲ್ಲ. ಅದರ ಮೇಲೆ ದಾರಿ ಬಿಟ್ಟು ಅಡ್ಡಾದಿಡ್ಡಿ ನಡೆದರೆ ಮಣ್ಣು ಸಡಿಲಾಗಿ, ಮುಂದಿನ ಮಳೆಗೆ ಅಲ್ಲೇ ಕೊರಕಲು ಬೀಳುತ್ತದೆ.

ಗಣಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. 2024ರಲ್ಲಿ ಅದೇ ಕಂಪನಿ ಸಂಡೂರಿನ ದೇವದಾರಿಯಲ್ಲಿ ಹೊಸ ಗಣಿಗೆ ಹೊರಟಾಗ, ಕುದುರೆಮುಖದ ಕಾಡಿಗೆ ಆದ ಹಾನಿಯ ಬಾಕಿ ಮೊದಲು ಕಟ್ಟಿ ಎಂದು ರಾಜ್ಯದ ಅರಣ್ಯ ಸಚಿವರು ತಡೆದರು. ಟೌನ್‌ಶಿಪ್ ಮುಂದೆ ಏನಾಗಬೇಕು ಎಂಬ ಚರ್ಚೆ ಗಣಿ ನಿಂತಾಗಿನಿಂದ ನಡೆದೇ ಇದೆ. ರೆಸಾರ್ಟು, ಇಕೋ ಟೂರಿಸಂ ಎಂಬ ಮಾತೇ ಜಾಸ್ತಿ. ಲಕ್ಯಾ ಅಣೆಕಟ್ಟಿನ ಮಾತು ಕಡಿಮೆ. ಕೆಳಗೆ ಭದ್ರೆಯ ದಂಡೆಯಲ್ಲಿ ಊರುಗಳಿವೆ. ಆ ಮಣ್ಣಿನ ಏರಿಯನ್ನು ಯಾರು, ಎಷ್ಟು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಾರೆ ಎಂಬ ವರದಿ ಪ್ರತಿ ಮಳೆಗಾಲಕ್ಕೆ ಮೊದಲು ಕಳಸ, ಬಾಳೆಹೊನ್ನೂರಿನ ಪಂಚಾಯಿತಿ ಬೋರ್ಡಿಗೆ ಬರಬೇಕು. ರೆಸಾರ್ಟಿನ ಮಾತು ಅದಾದ ಮೇಲೆ.